ಸುಣ್ಣಕಲ್ಲಿನ ಸೀಮೆಯಲ್ಲಿ ಮೈಯೊರೆಸುವ ಬಟ್ಟೆ

ಜಳಕ ಮುಗಿಸಿದ ಶುಭ್ರವಾದ ಮೈಯನ್ನಷ್ಟೇ ಮುಟ್ಟುವ ಟವೆಲ್ ಮೂರು ನಾಲ್ಕು ದಿನಗಳಲ್ಲೇ ವಾಸನೆ ಹಿಡಿಯುವುದಕ್ಕೆ ಕಾರಣವನ್ನು ಮೊದಲು ಚರ್ಮದ ರಚನೆಯಲ್ಲಿಯೇ ಹುಡುಕಬೇಕಾಗುತ್ತದೆ. ಚರ್ಮದ ಅತ್ಯಂತ ಮೇಲಿನ ಪದರವು ಕೆರಾಟಿನ್ ಎಂಬ ಗಟ್ಟಿ ಪ್ರೋಟೀನು ತುಂಬಿದ, ಜೀವ ಕಳೆದುಕೊಂಡ ಚಪ್ಪಟೆ ಕೋಶಗಳಿಂದಾಗಿದ್ದು, ಕೆಳಗಿನಿಂದ ಹೊಸ ಕೋಶಗಳು ಏರಿ ಬಂದಂತೆಲ್ಲ ಮೇಲಿನವು ಕಣ್ಣಿಗೆ ಕಾಣದಷ್ಟು ಸಣ್ಣ ಹೊಟ್ಟಾಗಿ ಉದುರುತ್ತಲೇ ಇರುತ್ತವೆ. ಹೀಗೆ ಸುಮಾರು ನಾಲ್ಕು ವಾರಗಳಲ್ಲಿ ಇಡೀ ಹೊದಿಕೆ ಹೊಸದಾಗುತ್ತದೆ. ಈ ಹೊಟ್ಟಿನ ಜೊತೆಗೆ ಚರ್ಮದ ಗ್ರಂಥಿಗಳು ಒಸರುವ ಎಣ್ಣೆಯೂ, ಬೆವರಿನಲ್ಲಿರುವ ಉಪ್ಪು ಮತ್ತು ಯೂರಿಯಾಗಳೂ, ಚರ್ಮವನ್ನೇ ಮನೆ ಮಾಡಿಕೊಂಡ ಬಗೆಬಗೆಯ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳೂ ಇರುತ್ತವೆ. ಸಾಬೂನು ಹಚ್ಚಿ ತೊಳೆದಾಗ ಮೇಲಿನ ಕೊಳೆ ಹೋಗುತ್ತದೆಯೇ ಹೊರತು ಚರ್ಮದ ನಿವಾಸಿಗಳು ಹೋಗುವುದಿಲ್ಲ. ಹೋಗಬೇಕಾಗಿಯೂ ಇಲ್ಲ, ಏಕೆಂದರೆ ಅವುಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು, ಹಲವು ಉಪಕಾರಿಗಳು. ಆದರೆ ನೀರಿನಲ್ಲಿ ನೆನೆದು ಮೆತ್ತಗಾದ ಚರ್ಮವನ್ನು ಬಟ್ಟೆಯಿಂದ ಉಜ್ಜಿದಾಗ ಹೊಟ್ಟು, ಎಣ್ಣೆ, ಸೂಕ್ಷ್ಮಜೀವಿಗಳೆಲ್ಲವೂ ನೀರಿನೊಂದಿಗೆ ನೂಲಿನೊಳಕ್ಕೆ ಸೇರುತ್ತವೆ. ಅಂದರೆ ಒಂದೇ ಒರೆಸುವಿಕೆಯಲ್ಲಿ ಬೀಜ, ಆಹಾರ ಮತ್ತು ನೀರು ಮೂರೂ ಟವೆಲಿಗೆ ದೊರೆತಂತಾಗುತ್ತದೆ.

ಟವೆಲನ್ನು ಶುಚಿಯಾಗಿಡುವ ಬಗೆಗೆ ಪತ್ರಿಕೆಗಳಲ್ಲಿ ಬರುವ ಸಲಹೆಗಳು ಬಹುಮಟ್ಟಿಗೆ ಬಿಸಿನೀರಿನ ವಾಷಿಂಗ್ ಮೆಷಿನ್, ಧಾರಾಳವಾಗಿ ಬರುವ ಮೆದು ನೀರು, ಬಟ್ಟೆ ಒಣಗಿಸುವ ಯಂತ್ರ ಇವುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂಥವು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಗಳ ಮನೆಗಳಲ್ಲಿ ಈ ಮೂರೂ ಅಪರೂಪ. ಇಲ್ಲಿನ ನೆಲದಡಿ ಸುಣ್ಣಕಲ್ಲಿದೆ, ಆದ್ದರಿಂದ ನೀರು ಗಡಸು. ಬೇಸಿಗೆಯಲ್ಲಿ ಆ ಗಡಸು ನೀರಿಗೂ ತತ್ವಾರ. ಗಾಳಿಯಲ್ಲಿ ಕ್ವಾರಿಯ ಮತ್ತು ಸಿಮೆಂಟಿನ ಧೂಳು. ಆದರೆ ವರ್ಷದ ಬಹುಭಾಗ ಇಲ್ಲಿ ಬಿಸಿಲೂ ಒಣಗಾಳಿಯೂ ಧಾರಾಳವಾಗಿವೆ. ಇಂಥ ಸೀಮೆಯಲ್ಲಿ ಟವೆಲಿನ ಆರೋಗ್ಯವನ್ನು ಒಗೆತಕ್ಕಿಂತ ಮೊದಲು ಒಣಗುವಿಕೆ ನಿರ್ಧರಿಸುತ್ತದೆ ಎಂಬುದನ್ನೂ, ಒಗೆಯುವಾಗ ಸಾಬೂನಿನ ಪ್ರಮಾಣಕ್ಕಿಂತ ನೀರಿನ ಗುಣವನ್ನು ಮೊದಲು ಗಮನಿಸಬೇಕೆಂಬುದನ್ನೂ ವಿಜ್ಞಾನದ ಆಧಾರದ ಮೇಲೆ ವಿವರವಾಗಿ ನೋಡಬಹುದು.

ಸೂಕ್ಷ್ಮಜೀವಿಗಳು ಬೆಳೆಯಬೇಕಾದರೆ ವಸ್ತುವಿನಲ್ಲಿ ನೀರಿದ್ದರಷ್ಟೇ ಸಾಲದು, ಆ ನೀರು ಅವುಗಳ ಬಳಕೆಗೆ ಒದಗುವಂತಿರಬೇಕು. ಹೀಗೆ ಒದಗುವ ನೀರಿನ ಅಳತೆಯನ್ನು ವಿಜ್ಞಾನಿಗಳು ಜಲಚಟುವಟಿಕೆ ಎಂದು ಕರೆದು, ಶುದ್ಧ ನೀರಿಗೆ 1 ಎಂದೂ ಸಂಪೂರ್ಣ ಒಣವಸ್ತುವಿಗೆ 0 ಎಂದೂ ಗುರುತಿಸುತ್ತಾರೆ. ಬಹುತೇಕ ಬ್ಯಾಕ್ಟೀರಿಯಾಗಳ ಬೆಳವಣಿಗೆ ಈ ಅಂಕಿ 0.90ಕ್ಕಿಂತ ಕೆಳಗಿಳಿದಾಗ ನಿಂತುಹೋಗುತ್ತದೆ. ಕುರು, ಕೀವುಗುಳ್ಳೆಗಳಿಗೆ ಕಾರಣವಾಗುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಮಾತ್ರ ಉಪ್ಪನ್ನೂ ಒಣತನವನ್ನೂ ಹೆಚ್ಚು ತಾಳಿಕೊಳ್ಳುವಂಥದಾಗಿದ್ದು ಸುಮಾರು 0.86ರವರೆಗೂ ಬೆಳೆಯಬಲ್ಲದು, ಬೂಷ್ಟು ಇನ್ನೂ ಕಡಿಮೆ ತೇವದಲ್ಲಿ ಬೆಳೆಯುತ್ತದೆ. ಬಚ್ಚಲಿನ ಬಾಗಿಲ ಹಿಂದೆ ಮುದುಡಿ ನೇತುಹಾಕಿದ ಟವೆಲಿನ ಮಡಿಕೆಗಳೊಳಗೆ ಈ ಅಂಕಿ ಗಂಟೆಗಟ್ಟಲೆ 1ರ ಹತ್ತಿರವೇ ಇರುತ್ತದೆ. ಅದೇ ಟವೆಲನ್ನು ಏಪ್ರಿಲ್ ತಿಂಗಳ ವಾಡಿಯ ಬಿಸಿಲಿನಲ್ಲಿ ಬಿಚ್ಚಿ ಹರವಿದರೆ ಬ್ಯಾಕ್ಟೀರಿಯಾಗಳು ನಾಲ್ಕಾರು ಸಲ ಇಮ್ಮಡಿಯಾಗುವುದರೊಳಗೆ ನೀರು ಆರಿಹೋಗುತ್ತದೆ.

ತೇವದ ಟವೆಲಿನಿಂದ ಬರುವ, ಒದ್ದೆ ಒರೆಸುಬಟ್ಟೆಯನ್ನು ನೆನಪಿಸುವ ಮುಗ್ಗಲು ವಾಸನೆಯ ಮೂಲವನ್ನು ಜಪಾನಿನ ಸಂಶೋಧಕರು 2012ರಲ್ಲಿ ಪತ್ತೆಹಚ್ಚಿದರು. ಮೊರಾಕ್ಸೆಲ್ಲಾ ಆಸ್ಲೋಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ, ಒಗೆದ ಮೇಲೂ ನೂಲಿನಲ್ಲಿ ಉಳಿದ ಮೈಯೆಣ್ಣೆಯ ಅಂಶಗಳನ್ನು ಬಳಸಿಕೊಂಡು ಒಂದು ಬಗೆಯ ಕೊಬ್ಬಿನಾಮ್ಲವನ್ನು ಹೊರಹಾಕುತ್ತದೆ, ವಾಸನೆ ಅದರದ್ದು. ಆರೋಗ್ಯವಂತರಿಗೆ ಈ ಜೀವಿಯಿಂದ ಅಪಾಯ ಕಡಿಮೆಯೇ, ಆದರೂ ಅದರ ವಾಸನೆ ಒಂದು ಉಪಯುಕ್ತ ಸೂಚನೆ: ಬಟ್ಟೆ ತಕ್ಕಷ್ಟು ವೇಗವಾಗಿ ಒಣಗುತ್ತಿಲ್ಲ, ಒಗೆತದಲ್ಲಿ ಎಣ್ಣೆಯಂಶ ಪೂರ್ತಿ ಹೋಗುತ್ತಿಲ್ಲ ಎಂಬೆರಡನ್ನೂ ಅದು ಒಟ್ಟಿಗೆ ತಿಳಿಸುತ್ತದೆ. ಅದನ್ನು ಸುಗಂಧದ ದ್ರವ ಹಾಕಿ ಮುಚ್ಚಿಬಿಡುವುದು ಈ ಸೂಚನೆಯನ್ನೇ ಕಳೆದುಕೊಂಡಂತೆ.

ಒಣಗಿದ ಬಟ್ಟೆಯಲ್ಲಿ ಸೂಕ್ಷ್ಮಜೀವಿಗಳ ಬೆಳವಣಿಗೆ ನಿಲ್ಲುತ್ತದೆ, ಆದರೆ ಅವೆಲ್ಲವೂ ಸಾಯುವುದಿಲ್ಲ. ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಅರಿಯುವುದು ಮುಖ್ಯ. ಅಮೆರಿಕದ ಆಲಿಸ್ ನೀಲಿ ಮತ್ತು ಮ್ಯಾಥ್ಯೂ ಮೇಲಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸ್ಪತ್ರೆಯಲ್ಲಿ ಬಳಸುವ ಹತ್ತಿಬಟ್ಟೆ, ಟೆರಿ ಟವೆಲ್, ಪಾಲಿಯೆಸ್ಟರ್ ಮುಂತಾದವುಗಳ ಮೇಲೆ ಸ್ಟ್ಯಾಫಿಲೋಕಾಕಸ್ ಹಾಗೂ ಎಂಟೆರೋಕಾಕಸ್ ಬ್ಯಾಕ್ಟೀರಿಯಾಗಳನ್ನು ಹಾಕಿ ಅವು ಎಷ್ಟು ಕಾಲ ಬದುಕುತ್ತವೆಂದು ನೋಡಲಾಯಿತು. ಒಂದು ದಿನವೂ ಬದುಕದ ತಳಿ ಒಂದೂ ಇರಲಿಲ್ಲ. ಕೆಲವು 90 ದಿನಗಳಾಚೆಗೂ ಉಳಿದಿದ್ದವು. ಆದ್ದರಿಂದ ಒಣಗಿಸುವುದರಿಂದ ರೋಗಾಣುಗಳ ಸಂಖ್ಯೆ ಏರದಂತೆ ತಡೆಯಬಹುದೇ ಹೊರತು, ಒಬ್ಬರ ಮೈಯಿಂದ ಬಂದದ್ದು ಇನ್ನೊಬ್ಬರ ಮೈಗೆ ದಾಟದಂತೆ ತಡೆಯಲಾಗದು. ಅದಕ್ಕೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಟವೆಲ್ ಇರುವುದೊಂದೇ ದಾರಿ. ಆರೋಗ್ಯವಂತರಲ್ಲೂ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಸ್ಟ್ಯಾಫಿಲೋಕಾಕಸ್ ಆರಿಯಸ್ಸನ್ನು ಮೂಗಿನಲ್ಲಿ, ಯಾವ ತೊಂದರೆಯೂ ಇಲ್ಲದೆ, ಹೊತ್ತುಕೊಂಡೇ ತಿರುಗುತ್ತಾರೆ ಎಂಬುದನ್ನು ನೆನೆದರೆ, ಒಂದೇ ಟವೆಲಿನಿಂದ ಐದಾರು ಮಂದಿ ಮುಖ ಒರೆಸಿಕೊಳ್ಳುವ ಮನೆಯಲ್ಲಿ ಮಕ್ಕಳಿಗೆ ಒಬ್ಬರಾದ ಮೇಲೊಬ್ಬರಿಗೆ ಕುರು ಏಳುವುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಟವೆಲ್ ಹಂಚಿಕೊಳ್ಳುವುದರ ಪರಿಣಾಮ ಅತ್ಯಂತ ಸ್ಪಷ್ಟವಾಗಿ ದಾಖಲಾದದ್ದು ಬಡ ಮನೆಗಳಲ್ಲಲ್ಲ, ಅಮೆರಿಕದ ಶ್ರೀಮಂತ ಫುಟ್‌ಬಾಲ್ ತಂಡವೊಂದರಲ್ಲಿ. 2003ರ ಋತುವಿನಲ್ಲಿ ಸೇಂಟ್ ಲೂಯಿಸ್ ರಾಮ್ಸ್ ತಂಡದ 58 ಆಟಗಾರರಲ್ಲಿ 5 ಮಂದಿಗೆ, ಔಷಧಕ್ಕೆ ಬಗ್ಗದ ಸ್ಟ್ಯಾಫಿಲೋಕಾಕಸ್ ಸೋಂಕು ಒಟ್ಟು 8 ಬಾರಿ ತಗುಲಿತು. ಎಲ್ಲವೂ ಮೈದಾನದ ಹಾಸಿನ ಮೇಲೆ ಬಿದ್ದು ತರಚಿದ ಜಾಗಗಳಲ್ಲೇ ಆದಂಥವು. ತನಿಖೆ ನಡೆಸಿದ ವೈದ್ಯರು ಕಂಡ ಕೊರತೆಗಳಲ್ಲಿ, ಒಂದು ಟವೆಲನ್ನು ಮೂವರವರೆಗೆ ಆಟಗಾರರು ಬಳಸುತ್ತಿದ್ದುದೂ ಒಂದು. ತರಚಿದ ಚರ್ಮ, ಬೆವರು, ಹಂಚಿಕೊಂಡ ಬಟ್ಟೆ ಈ ಮೂರೂ ಶಹಾಬಾದಿನ ಕಲ್ಲುಗಣಿಯಲ್ಲಿ, ಪಾಲಿಶ್ ಘಟಕದಲ್ಲಿ, ಚಿತ್ತಾಪುರದ ಲೋಡಿಂಗ್ ಜಾಗದಲ್ಲಿ ದಿನವೂ ಸೇರುವಂಥವೇ ಆಗಿವೆ.

ಅಡುಗೆಮನೆಯ ಕೈಬಟ್ಟೆಯ ವಿಷಯ ಚರ್ಮಕ್ಕಿಂತ ಹೊಟ್ಟೆಗೆ ಹೆಚ್ಚು ಸಂಬಂಧಿಸಿದ್ದಾದ್ದರಿಂದ ಇಲ್ಲಿ ಒಂದೇ ಮಾತು ಸಾಕು. ಅಮೆರಿಕ ಮತ್ತು ಕೆನಡಾದ ಮನೆಗಳಿಂದ ಸಂಗ್ರಹಿಸಿದ 82 ಅಡುಗೆಮನೆ ಟವೆಲುಗಳನ್ನು ಚಾರ್ಲ್ಸ್ ಗರ್ಬಾ ಮತ್ತು ಸಂಗಡಿಗರು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದಾಗ, ಶೇ. 89ರಷ್ಟರಲ್ಲಿ ಕೋಲಿಫಾರ್ಮ್ ಗುಂಪಿನ ಬ್ಯಾಕ್ಟೀರಿಯಾಗಳು ಕಂಡಿದ್ದವು. ಪಾತ್ರೆ ಒರೆಸಿ, ಕೈ ಒರೆಸಿ, ಅದರಿಂದಲೇ ಮಗುವಿನ ಬಾಯಿಯನ್ನೂ ಒರೆಸುವ ಬಟ್ಟೆ ಎಲ್ಲಿದ್ದರೂ ಒಂದೇ.

ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಟವೆಲಿನ ಪ್ರಶ್ನೆಗೆ ಹೊಸ ತುರ್ತು ಬಂದಿರುವುದು ಹುಳಕಡ್ಡಿಯಿಂದ. ಉತ್ತರ ಕರ್ನಾಟಕದಲ್ಲಿ ಹುಳಕಡ್ಡಿ ಎಂದೂ, ಬೇರೆಡೆ ಗಜಕರ್ಣ ಎಂದೂ ಕರೆಯುವ, ಅಂಚು ಕೆಂಪಾಗಿ ಉಂಗುರದಂತೆ ಹಬ್ಬುವ ಈ ತುರಿಕೆಯನ್ನು ಉಂಟುಮಾಡುವುದು ಹುಳವಲ್ಲ, ಚರ್ಮದ ಕೆರಾಟಿನ್ನನ್ನೇ ತಿಂದು ಬದುಕುವ ಶಿಲೀಂಧ್ರ. ಹಿಂದೆ ನಾಲ್ಕಾರು ವಾರಗಳ ಮುಲಾಮಿಗೆ ಬಗ್ಗುತ್ತಿದ್ದ ಈ ರೋಗ ಇತ್ತೀಚೆಗೆ ಭಾರತದಾದ್ಯಂತ ತಿಂಗಳುಗಟ್ಟಲೆ ಕಾಡತೊಡಗಿದೆ. ಭಾರತ ಮತ್ತು ನೇಪಾಳದ ರೋಗಿಗಳಿಂದ ಪಡೆದ ಮಾದರಿಗಳನ್ನು ಪರೀಕ್ಷಿಸಿದ ಜಪಾನಿನ ಸಂಶೋಧಕರು 2020ರಲ್ಲಿ ಇದಕ್ಕೆ ಕಾರಣವಾದ ತಳಿಯನ್ನು ಪ್ರತ್ಯೇಕ ಪ್ರಭೇದವೆಂದು ಗುರುತಿಸಿ ಟ್ರೈಕೋಫೈಟಾನ್ ಇಂಡೊಟಿನಿಯೇ ಎಂದು ಹೆಸರಿಟ್ಟರು. ಟರ್ಬಿನಫಿನ್ ಎಂಬ ಸಾಮಾನ್ಯ ಔಷಧವು ಶಿಲೀಂಧ್ರದ ಯಾವ ಕಿಣ್ವವನ್ನು ತಡೆಯಬೇಕಿತ್ತೋ ಆ ಕಿಣ್ವದ ವಂಶವಾಹಿಯಲ್ಲೇ ಬದಲಾವಣೆಯಾಗಿರುವುದರಿಂದ ಈ ಪ್ರಭೇದದ ಹಲವು ತಳಿಗಳ ಮೇಲೆ ಔಷಧ ನಾಟುವುದಿಲ್ಲ. ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುವ, ಸ್ಟೀರಾಯ್ಡ್ ಬೆರೆತ ಮುಲಾಮುಗಳು ಈ ಅನಾಹುತಕ್ಕೆ ನೀರೆರೆದವೆಂದು ಚರ್ಮತಜ್ಞರು ಹೇಳುತ್ತ ಬಂದಿದ್ದಾರೆ. ಅವು ಎರಡೇ ದಿನಗಳಲ್ಲಿ ತುರಿಕೆಯನ್ನು ಅಡಗಿಸಿ ಗುಣವಾದ ಭ್ರಮೆ ಹುಟ್ಟಿಸುತ್ತವೆ, ಒಳಗೆ ಶಿಲೀಂಧ್ರ ಹಬ್ಬುತ್ತಲೇ ಇರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲವೆಂದು ನಿಯಮ ಮಾಡಿತು.

ಹುಳಕಡ್ಡಿ ಒಬ್ಬರಿಗೆ ಬಂದರೆ ಮನೆಮಂದಿಗೆಲ್ಲ ಹಬ್ಬುವ ದಾರಿಗಳಲ್ಲಿ ಟವೆಲ್, ಹಾಸಿಗೆ, ಒಳಉಡುಪುಗಳು ಪ್ರಮುಖವಾದವು. ಉದುರಿದ ಚರ್ಮದ ಹೊಟ್ಟಿನಲ್ಲಿ ಶಿಲೀಂಧ್ರದ ಬೀಜಕಗಳು, ಅಂದರೆ ಕಷ್ಟಕಾಲವನ್ನು ತಾಳಿಕೊಳ್ಳಬಲ್ಲ ಗಟ್ಟಿ ಕಣಗಳು, ದೀರ್ಘಕಾಲ ಬದುಕಿರುತ್ತವೆ. ಜರ್ಮನಿಯಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ವಿಷಯದಲ್ಲಿ ಎರಡು ಮುಖ್ಯ ಸಂಗತಿಗಳನ್ನು ತೋರಿಸಿತು. ಒಗೆಯಲು ಕೂಡಿಟ್ಟ ರಾಶಿಯಲ್ಲಿ ಸೋಂಕಿನ ಬಟ್ಟೆ ಮತ್ತು ಶುದ್ಧ ಬಟ್ಟೆ ಒಟ್ಟಿಗಿದ್ದರೆ ಶಿಲೀಂಧ್ರ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ ಎಂಬುದು ಮೊದಲನೆಯದು. 30 ಡಿಗ್ರಿ ಸೆಲ್ಸಿಯಸ್ ನೀರಿನ ಒಗೆತಕ್ಕೆ ಅದು ಸಾಯುವುದಿಲ್ಲ, 60 ಡಿಗ್ರಿಯಲ್ಲಿ ನಾಶವಾಗುತ್ತದೆ ಎಂಬುದು ಎರಡನೆಯದು. ನಮ್ಮ ಬಹುತೇಕ ಮನೆಗಳಲ್ಲಿ ಬಟ್ಟೆ ಒಗೆಯುವುದು ತಣ್ಣೀರಿನಲ್ಲಿ. ಆದ್ದರಿಂದ ಹುಳಕಡ್ಡಿಯಾದವರ ಟವೆಲನ್ನು ಬೇರೆ ಬಕೆಟಿನಲ್ಲಿಟ್ಟು, ಕೈ ಮುಟ್ಟಲಾಗದಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ಗಂಟೆಯಾದರೂ ನೆನೆಸಿ ಒಗೆದು, ಬಿಸಿಲಿಗೆ ಹಾಕಿ, ಸಾಧ್ಯವಿದ್ದರೆ ಇಸ್ತ್ರಿ ಮಾಡುವುದು ಚಿಕಿತ್ಸೆಯ ಒಂದು ಭಾಗವೇ ಹೌದು. ಇದನ್ನು ಬಿಟ್ಟು ಗುಳಿಗೆಯನ್ನಷ್ಟೇ ನುಂಗಿದವರಿಗೆ ರೋಗ ತಮ್ಮ ಟವೆಲಿನಿಂದಲೇ ಮರಳಿ ಬರಬಹುದು. ಕಜ್ಜಿಯ ಲೆಕ್ಕ ಸ್ವಲ್ಪ ಬೇರೆ. ಅದಕ್ಕೆ ಕಾರಣವಾದ ಸೂಕ್ಷ್ಮ ನುಸಿ ಹೆಚ್ಚಾಗಿ ಮೈಗೆ ಮೈ ತಾಗಿಯೇ ಹರಡುತ್ತದೆ, ಮನುಷ್ಯರ ಮೈಯಿಂದ ದೂರವಾದರೆ ಸಾಮಾನ್ಯವಾಗಿ 2–3 ದಿನಗಳಿಗಿಂತ ಹೆಚ್ಚು ಬದುಕುವುದಿಲ್ಲ, 50 ಡಿಗ್ರಿ ಮೀರಿದ ಬಿಸಿಯಲ್ಲಿ 10 ನಿಮಿಷಗಳಲ್ಲೇ ಸಾಯುತ್ತದೆ. ಹಂಚಿಕೊಂಡ ಟವೆಲಿನಿಂದ ಕಣ್ಣಿಗೆ ಹರಡುವ ಟ್ರಕೋಮಾ ಒಂದು ಕಾಲದಲ್ಲಿ ದೇಶದ ದೊಡ್ಡ ಕುರುಡುತನದ ಕಾರಣಗಳಲ್ಲಿ ಒಂದಾಗಿತ್ತು. 2024ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಭಾರತ ಅದನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ನಿರ್ಮೂಲ ಮಾಡಿದೆಯೆಂದು ಘೋಷಿಸಿತು. ಮುಖ ತೊಳೆಯುವ ಅಭ್ಯಾಸಕ್ಕೂ ಪ್ರತ್ಯೇಕ ಬಟ್ಟೆಗೂ ಈ ಗೆಲುವಿನಲ್ಲಿ ಪಾಲಿದೆ.

ಬಿಸಿನೀರು ಎಂದು ಹೇಳುವುದು ಸುಲಭ. ಯಾವ ನೀರು ಎಂಬುದು ಮುಂದಿನ ಪ್ರಶ್ನೆ. ಭೀಮಾ ಶಿಲಾವರ್ಗವೆಂದು ಭೂವಿಜ್ಞಾನಿಗಳು ಕರೆಯುವ, ಪದರ ಪದರವಾಗಿ ಸೀಳಬಲ್ಲ ಸುಣ್ಣಕಲ್ಲು ಈ ಸೀಮೆಯ ನೆಲವನ್ನು ಆವರಿಸಿದೆ. ಶಹಾಬಾದಿನ ಫರಸಿಯಾಗಿ ದೇಶದ ಅಂಗಳಗಳಿಗೆ ಹೋಗಿರುವುದೂ, ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳಿಗೆ ಕಚ್ಚಾವಸ್ತುವಾಗಿರುವುದೂ ಈ ಕಲ್ಲೇ. ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಆಮ್ಲೀಯವಾಗುತ್ತದೆ, ಆ ಆಮ್ಲೀಯ ನೀರು ಪದರಗಳ ಸಂದಿನಲ್ಲಿ ಹರಿಯುತ್ತ ಸುಣ್ಣಕಲ್ಲನ್ನು ನಿಧಾನವಾಗಿ ಕರಗಿಸಿ ಕ್ಯಾಲ್ಸಿಯಂ ಬೈಕಾರ್ಬೊನೇಟನ್ನು ತನ್ನೊಡನೆ ಒಯ್ಯುತ್ತದೆ. ಹೀಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಾಗಿರುವ ನೀರೇ ಗಡಸು ನೀರು. ಕುಡಿಯುವ ನೀರಿನ ಭಾರತೀಯ ಮಾನಕವು ಗಡಸುತನದ ಅಪೇಕ್ಷಿತ ಮಿತಿಯನ್ನು ಲೀಟರಿಗೆ 200 ಮಿಲಿಗ್ರಾಂ ಎಂದೂ, ಬೇರೆ ನೀರಿಲ್ಲದಿದ್ದಾಗ ಒಪ್ಪಬಹುದಾದ ಮಿತಿಯನ್ನು 600 ಮಿಲಿಗ್ರಾಂ ಎಂದೂ ಇಟ್ಟಿದೆ. ಚಿಂಚೋಳಿ ತಾಲ್ಲೂಕಿನಲ್ಲಿ ಸುಣ್ಣಕಲ್ಲು ಕೊನೆಗೊಂಡು ಕಪ್ಪು ಬಸಾಲ್ಟ್ ಶಿಲೆ ಆರಂಭವಾಗುವುದರಿಂದ ಅಲ್ಲಿ ಒಂದು ಬಾವಿಯ ನೀರಿಗೂ ಇನ್ನೊಂದರ ನೀರಿಗೂ ಅಂತರವಿರುತ್ತದೆ. ಪ್ರಯೋಗಾಲಯವಿಲ್ಲದೆಯೂ ಇದನ್ನು ತಿಳಿಯಬಹುದು: ತೊಗರಿಯ ಈ ನಾಡಿನಲ್ಲಿ ಯಾವ ಬೋರಿನ ನೀರಿಗೆ ಬ್ಯಾಳಿ ಬೇಯುವುದಿಲ್ಲವೆಂದು ಹೆಣ್ಣುಮಕ್ಕಳು ಹೇಳುತ್ತಾರೋ ಆ ನೀರು ಗಡಸಾಗಿರುವುದು ಬಹುಮಟ್ಟಿಗೆ ಖಚಿತ, ಏಕೆಂದರೆ ಕ್ಯಾಲ್ಸಿಯಂ ಕಾಳಿನ ಪೆಕ್ಟಿನ್ ಎಂಬ ಅಂಟಿಗೆ ಬೆಸೆದುಕೊಂಡು ಅದು ಮೆತ್ತಗಾಗದಂತೆ ತಡೆಯುತ್ತದೆ.

ಸಾಬೂನಿಗೂ ಅದೇ ಗತಿ. ಸಾಬೂನೆಂದರೆ ಕೊಬ್ಬಿನಾಮ್ಲಗಳ ಸೋಡಿಯಂ ಲವಣ. ಅದು ನೀರಿನಲ್ಲಿ ಕರಗುತ್ತದೆ, ಒಂದು ತುದಿಯಿಂದ ನೀರನ್ನೂ ಇನ್ನೊಂದು ತುದಿಯಿಂದ ಎಣ್ಣೆಯನ್ನೂ ಹಿಡಿದು ಕೊಳೆಯನ್ನು ಬಿಡಿಸುತ್ತದೆ. ಗಡಸು ನೀರಿನಲ್ಲಿ ಸೋಡಿಯಂ ಇದ್ದ ಜಾಗಕ್ಕೆ ಕ್ಯಾಲ್ಸಿಯಂ ಬಂದು ಕುಳಿತು, ಕರಗದ ಬೂದುಬಣ್ಣದ ಜಿಗುಟು ಗಸಿಯಾಗುತ್ತದೆ. ಈ ಗಸಿ ಕೊಳೆ ತೆಗೆಯುವುದಿಲ್ಲ; ತಾನೇ ಕೊಳೆಯಾಗಿ ಟವೆಲಿನ ನೂಲುಗಳ ನಡುವೆ ಸೇರಿಕೊಂಡು, ಜೊತೆಗೆ ಮೈಯೆಣ್ಣೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬಿಳಿ ಟವೆಲ್ ಬೂದುಬಣ್ಣಕ್ಕೆ ತಿರುಗುವುದು, ನೀರು ಹೀರುವ ಶಕ್ತಿ ಕುಂದುವುದು, ಒಗೆದ ಮರುದಿನವೇ ವಾಸನೆ ಬರುವುದು ಇದರ ಪರಿಣಾಮಗಳು. ಆದರೆ ಬಿಸಿಲಿನಲ್ಲಿ ಒಣಗಿದ ಟವೆಲಿನ ಒರಟುತನಕ್ಕೆಲ್ಲ ಗಡಸು ನೀರನ್ನೇ ದೂರುವುದು ಸರಿಯಲ್ಲ. ಹತ್ತಿಯ ಎಳೆಗಳ ಮೇಲ್ಮೈಗೆ ಅಂಟಿಕೊಂಡು ಸುಲಭವಾಗಿ ಆರದ ಅಲ್ಪ ನೀರು, ಅಕ್ಕಪಕ್ಕದ ಎಳೆಗಳನ್ನು ಪರಸ್ಪರ ಬೆಸೆಯುವುದರಿಂದಲೂ ಬಟ್ಟೆ ಸೆಟೆದುಕೊಳ್ಳುತ್ತದೆಂದು 2020ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದ್ದಾರೆ. ಆ ಬಗೆಯ ಸೆಟೆತ ಒಣಗಿದ ಟವೆಲನ್ನು ನಾಲ್ಕು ಸಲ ಕೊಡವಿ, ಕೈಯಲ್ಲಿ ಹಿಂಡಿದರೆ ಹೋಗುತ್ತದೆ. ಗಸಿಯಿಂದಾದ ಒರಟುತನ ಹೋಗುವುದಿಲ್ಲ. ಮೆದುವಾಗಲೆಂದು ಹಾಕುವ ಕಂಡೀಷನರ್ ದ್ರವಗಳು ಎಳೆಗಳ ಮೇಲೆ ಜಿಡ್ಡಿನಂಥ ತೆಳುಪದರ ಹೊದಿಸಿ ಹೀರುವ ಗುಣವನ್ನೇ ಕೆಡಿಸುವುದರಿಂದ ಟವೆಲಿನ ಮಟ್ಟಿಗೆ ಅವು ಬೇಡ.

ನೊರೆ ಬರುತ್ತಿಲ್ಲವೆಂದು ಮತ್ತಷ್ಟು ಸಾಬೂನು ತಿಕ್ಕುವುದು, ಮತ್ತಷ್ಟು ಪುಡಿ ಸುರಿಯುವುದು ಗಡಸು ನೀರಿನ ಊರುಗಳ ಸಹಜ ಪ್ರತಿಕ್ರಿಯೆಯಾದರೂ ಅದು ಚರ್ಮಕ್ಕೆ ಒಳ್ಳೆಯದಲ್ಲ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಸಂಗಡಿಗರೊಂದಿಗೆ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಡಸು ನೀರಿನಲ್ಲಿ ತೊಳೆದಾಗ ಮಾರ್ಜಕದ ಅಂಶ ಚರ್ಮದ ಮೇಲೆ ಹೆಚ್ಚಾಗಿ ಉಳಿದು ಉರಿ, ಒಣತನಗಳನ್ನು ಹೆಚ್ಚಿಸುತ್ತದೆ. ಹಾಗೆಂದು ನೀರನ್ನು ಮೆದುಗೊಳಿಸಿದ ಮಾತ್ರಕ್ಕೆ ಚರ್ಮರೋಗ ವಾಸಿಯಾಗುವುದಿಲ್ಲ ಎಂಬುದನ್ನೂ ಹೇಳಬೇಕು: ಇಸುಬಿನಿಂದ ಬಳಲುವ 336 ಮಕ್ಕಳ ಮನೆಗಳಲ್ಲಿ ಬ್ರಿಟನ್ನಿನಲ್ಲಿ ನಡೆಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದ ಪ್ರಯೋಗದಲ್ಲಿ, ನೀರು ಮೆದುಗೊಳಿಸುವ ಯಂತ್ರ ಇಟ್ಟವರಿಗೂ ಇಡದವರಿಗೂ ರೋಗದ ತೀವ್ರತೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ದುಬಾರಿ ಯಂತ್ರ ಕೊಳ್ಳಲಾಗದ ಮನೆಗಳಿಗೆ ಇದು ಸಮಾಧಾನದ ಸಂಗತಿ. ಒಗೆತಕ್ಕೆ ಬೇಕಾದ ಮಟ್ಟಿನ ಮೆದುತನವನ್ನು ಅಗ್ಗದಲ್ಲೇ ಪಡೆಯಬಹುದು. ಬಕೆಟ್ ನೀರಿಗೆ ಒಂದೆರಡು ಚಮಚ ವಾಷಿಂಗ್ ಸೋಡಾ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಕ್ಯಾಲ್ಸಿಯಂ ಸುಣ್ಣದ ಪುಡಿಯಾಗಿ ತಳಕ್ಕಿಳಿಯುತ್ತದೆ. ಮೇಲಿನ ತಿಳಿನೀರಿನಲ್ಲಿ ಅರ್ಧದಷ್ಟು ಸಾಬೂನೇ ಸಾಕಾಗುತ್ತದೆ. ಹಂಡೆಯಲ್ಲಿ ನೀರು ಕುದಿದಾಗಲೂ ಬೈಕಾರ್ಬೊನೇಟ್ ಒಡೆದು ಸುಣ್ಣ ಹೊರಬರುತ್ತದೆ, ಹಂಡೆಯ ಒಳಮೈಗೆ ಕಟ್ಟುವ ಬಿಳಿ ಹಕ್ಕಳೆ ಅದೇ. ಆದ್ದರಿಂದ ಎಲ್ಲರ ಜಳಕ ಮುಗಿದ ಮೇಲೆ ಹಂಡೆಯಲ್ಲಿ ಉಳಿದ ಕುದಿನೀರು ಟವೆಲುಗಳಿಗೆ ಎರಡು ರೀತಿಯಲ್ಲಿ ಅನುಕೂಲ: ಅದು ರೋಗಾಣುಗಳನ್ನು ಕೊಲ್ಲುವಷ್ಟು ಬಿಸಿಯಾಗಿರುತ್ತದೆ, ಗಡಸುತನವನ್ನೂ ಒಂದಿಷ್ಟು ಕಳೆದುಕೊಂಡಿರುತ್ತದೆ. ಅದನ್ನು ಬಚ್ಚಲಿಗೆ ಚೆಲ್ಲುವುದು ನಷ್ಟ. ಅಂಟುವಾಳದ ಕಾಯಿಯ ನೊರೆಗೆ ಕಾರಣವಾದ ಸಪೋನಿನ್ ಕ್ಯಾಲ್ಸಿಯಂ ಜೊತೆ ಸಾಬೂನಿನಂತೆ ಗಸಿ ಕಟ್ಟುವುದಿಲ್ಲವಾದ್ದರಿಂದ ಹಿಂದಿನವರು ಅದನ್ನು ನಂಬಿದ್ದರಲ್ಲಿ ಅರ್ಥವಿತ್ತು.

ಶಾಖ ಮತ್ತು ಕ್ಷಾರಗಳನ್ನು ಒಟ್ಟಿಗೆ ಬಳಸುವ ವಿದ್ಯೆ ಕನ್ನಡ ನಾಡಿನ ಮಡಿವಾಳರಿಗೆ ಹೊಸದಲ್ಲ. ಸೋಡಿಯಂ ಕಾರ್ಬೊನೇಟ್ ಹೇರಳವಾಗಿರುವ ಚೌಳುಮಣ್ಣಿನ ನೀರಿನಲ್ಲಿ ಬಟ್ಟೆಗಳನ್ನು ಅದ್ದಿ, ದೊಡ್ಡ ಬಾನಿಯ ಮೇಲೆ ಪೇರಿಸಿ, ಕೆಳಗೆ ಬೆಂಕಿ ಹಾಕಿ ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸುವ ಉಬ್ಬೆಯು, ಇಂದಿನ ಆಸ್ಪತ್ರೆಗಳ ಒಗೆತದ ಕೋಣೆಗಳಲ್ಲಿ ನಡೆಯುವುದನ್ನೇ ಬೇರೆ ಸಾಧನಗಳಿಂದ ಸಾಧಿಸುತ್ತಿತ್ತು: ಕ್ಷಾರವು ಎಣ್ಣೆಯನ್ನು ಸಾಬೂನಾಗಿ ಮಾರ್ಪಡಿಸುತ್ತಿತ್ತು, ಹಬೆಯು ನುಸಿ, ಶಿಲೀಂಧ್ರ, ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತಿತ್ತು. ಹತ್ತಾರು ಮನೆಗಳ ಬಟ್ಟೆಗಳು ಒಂದೇ ಉಬ್ಬೆಯಲ್ಲಿ ಬೆಂದರೂ ರೋಗ ಹರಡದಿರಲು ಈ ಶಾಖವೇ ಕಾರಣವಾಗಿರಬೇಕು. ಹಬೆ ತಾಳದ ಕೃತಕ ನೂಲಿನ ಬಟ್ಟೆಗಳು ಬಂದು, ತಣ್ಣೀರಿನ ಮಾರ್ಜಕಗಳು ಬಂದು ಉಬ್ಬೆ ಮರೆಯಾದಾಗ ಒಗೆತದಿಂದ ಶಾಖವೇ ಹೊರಟುಹೋಯಿತು. ಒಂದು ವೃತ್ತಿಸಮುದಾಯದ ಜ್ಞಾನ ನಷ್ಟವಾದದ್ದನ್ನು ಸಾಮಾನ್ಯವಾಗಿ ಸಂಸ್ಕೃತಿಯ ನಷ್ಟವೆಂದು ಮಾತ್ರ ಕಾಣಲಾಗುತ್ತದೆ. ಇದು ಆರೋಗ್ಯದ ನಷ್ಟವೂ ಹೌದು.

ಶಾಖದ ಕೊರತೆಯನ್ನು ಇಲ್ಲಿ ಭಾಗಶಃ ತುಂಬುವುದು ಬಿಸಿಲು. ಆರ್ಥರ್ ಡೌನ್ಸ್ ಮತ್ತು ಥಾಮಸ್ ಬ್ಲಂಟ್ ಎಂಬಿಬ್ಬರು ಇಂಗ್ಲಿಷ್ ಸಂಶೋಧಕರು 1877ರಲ್ಲಿ, ಬಿಸಿಲಿಗಿಟ್ಟ ಪೌಷ್ಟಿಕ ದ್ರಾವಣದಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲವೆಂದು ಮೊದಲಿಗೆ ತೋರಿಸಿದರು. ಚರ್ಮದ ಕ್ಷಯವನ್ನು ಬೆಳಕಿನಿಂದ ಗುಣಪಡಿಸಿದ್ದಕ್ಕಾಗಿ ನೀಲ್ಸ್ ಫಿನ್ಸೆನ್‌ಗೆ 1903ರ ನೊಬೆಲ್ ದೊರೆಯಿತು. ಸೂರ್ಯನ ಅತಿನೇರಳೆ ಕಿರಣಗಳಲ್ಲಿ ಅತ್ಯಂತ ಮಾರಕವಾದವನ್ನು ವಾತಾವರಣದ ಓಝೋನ್ ತಡೆದುಬಿಡುತ್ತದೆ, ಆದರೂ ನೆಲ ಮುಟ್ಟುವ ಕಿರಣಗಳು ಸೂಕ್ಷ್ಮಜೀವಿಗಳ ಡಿಎನ್‌ಎಯನ್ನು ಕೆಡಿಸುವಷ್ಟು ಶಕ್ತವಾಗಿವೆ. ಅವು ಬಟ್ಟೆಯ ಮೇಲ್ಮೈಯನ್ನಷ್ಟೇ ತಲುಪುತ್ತವೆ ಎಂಬುದನ್ನು ಮರೆಯಬಾರದು. ಆದ್ದರಿಂದ ಟವೆಲನ್ನು ನಡುವೆ ಒಮ್ಮೆ ತಿರುವಿ ಹಾಕುವುದು ಅಗತ್ಯ, ಬಿಸಿಲಿನ ಒಣಗಿಸುವ ಗುಣವನ್ನು ಅದರ ಕೊಲ್ಲುವ ಗುಣಕ್ಕಿಂತ ಹೆಚ್ಚು ನೆಚ್ಚುವುದು ಲೇಸು.

ಟವೆಲಿನ ನೇಯ್ಗೆ ಇಲ್ಲಿ ಮುಖ್ಯವಾಗುತ್ತದೆ. ಎರಡೂ ಬದಿಗೆ ಸಣ್ಣ ಕುಣಿಕೆಗಳೆದ್ದಿರುವ ಟೆರಿ ಬಟ್ಟೆ ಟರ್ಕಿಯ ಬುರ್ಸಾ ಪಟ್ಟಣದ ಕೈಮಗ್ಗದ ನೇಯ್ಗೆಯಿಂದ ಬಂದದ್ದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನ ಹೆನ್ರಿ ಕ್ರಿಸ್ಟಿ ಅದನ್ನು ಕಂಡು ತಂದ ಮೇಲೆ ಯಂತ್ರದಲ್ಲಿ ನೇಯಲಾಯಿತು. ವಾಡಿ, ಶಹಾಬಾದಿನಿಂದ ಕಲಬುರಗಿ ದಾಟಿ ರೈಲು ಸಾಗುವ ಸೊಲ್ಲಾಪುರ, ಕನ್ನಡಿಗರೂ ತೆಲುಗರೂ ದೊಡ್ಡ ಸಂಖ್ಯೆಯಲ್ಲಿರುವ ಆ ಗಡಿನಗರ, ಟೆರಿ ಟವೆಲಿಗೆ ಹೆಸರಾಗಿದ್ದು ಅಲ್ಲಿನ ಚಾದರದಂತೆ ಟವೆಲಿಗೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಕುಣಿಕೆಗಳು ಮೇಲ್ಮೈಯನ್ನು ಹಿಗ್ಗಿಸುವುದರಿಂದ ಅದು ಚೆನ್ನಾಗಿ ನೀರು ಹೀರುತ್ತದೆ, ಅದೇ ಕಾರಣಕ್ಕೆ ನಿಧಾನವಾಗಿ ಒಣಗುತ್ತದೆ. ಚದರ ಮೀಟರಿಗೆ 450 ಗ್ರಾಂ ತೂಗುವ ಟೆರಿಯನ್ನೂ, 120 ಗ್ರಾಂ ತೂಗುವ ಸಾದಾ ನೇಯ್ಗೆಯ ಹತ್ತಿಯ ವಸ್ತ್ರವನ್ನೂ ಹೋಲಿಸಿದರೆ, ಎರಡನೆಯದು ಒಗೆಯಲು ಕಾಲುಭಾಗದಷ್ಟು ನೀರನ್ನು ಬೇಡುತ್ತದೆ, ಹಂಡೆಯಲ್ಲಿ ಸುಲಭವಾಗಿ ಮುಳುಗುತ್ತದೆ, ಮೋಡವಿದ್ದ ದಿನವೂ ಬೇಗ ಆರುತ್ತದೆ. ನೀರಿನ ಬರವಿರುವ ಸೀಮೆಗೆ ಅಜ್ಜಂದಿರ ಹೆಗಲ ಮೇಲಿನ ತೆಳು ವಸ್ತ್ರ ದಪ್ಪ ಟವೆಲಿಗಿಂತ ಆರೋಗ್ಯಕರವೆಂದು ಧೈರ್ಯವಾಗಿ ಹೇಳಬಹುದು. ಮನೆಮಂದಿಗೆಲ್ಲ ಒಂದು ದಪ್ಪ ಟವೆಲ್ ಕೊಳ್ಳುವ ಹಣದಲ್ಲಿ ತಲೆಗೊಂದು ವಸ್ತ್ರ ಬರುತ್ತದೆ.

ಕೆಲಸದ ಜಾಗದಲ್ಲಿ ತಲೆಗೆ ಸುತ್ತುವ, ಬೆವರು ಒರೆಸುವ ವಸ್ತ್ರ ಮತ್ತು ದಸ್ತಿಗಳ ಸಂಗತಿ ಬೇರೆಯೇ. ಸುಣ್ಣಕಲ್ಲನ್ನು ಸೀಳುವ, ಪಾಲಿಶ್ ಮಾಡುವ ಜಾಗದ ಧೂಳು ಚರ್ಮವನ್ನು ಒಣಗಿಸಿ ಗೀರುತ್ತದೆಯೇ ಹೊರತು ಸುಡುವುದಿಲ್ಲ. ಆದರೆ ಅದೇ ಕಲ್ಲು ಸುಮಾರು 1450 ಡಿಗ್ರಿ ಶಾಖದ ಗೂಡಿನಲ್ಲಿ ಬೆಂದು ಸಿಮೆಂಟ್ ಆದ ಮೇಲೆ ಅದರ ಸ್ವಭಾವ ಬದಲಾಗುತ್ತದೆ. ಬೆವರು ತಾಗಿದ ಸಿಮೆಂಟಿನ ಪಿಎಚ್, ಅಂದರೆ ಆಮ್ಲ–ಕ್ಷಾರಗಳ ಅಳತೆ, 12ರಿಂದ 13ರವರೆಗಿರುತ್ತದೆ, ಚರ್ಮದ ಸಹಜ ಪಿಎಚ್ ಸುಮಾರು 5. ಇದರ ಜೊತೆಗೆ ಸಿಮೆಂಟಿನಲ್ಲಿ ಅತ್ಯಲ್ಪವಾಗಿರುವ ಆರು ವೇಲೆನ್ಸಿಯ ಕ್ರೋಮಿಯಂ ಕೆಲವರಲ್ಲಿ ಜೀವಮಾನವಿಡೀ ಉಳಿಯುವ ಚರ್ಮದ ಅಲರ್ಜಿಯನ್ನು ಹುಟ್ಟಿಸುತ್ತದೆ. ಈ ಕಾರಣಕ್ಕೇ ಯುರೋಪಿನ ದೇಶಗಳು 2005ರಿಂದ ಅದರ ಪ್ರಮಾಣವನ್ನು ಹತ್ತು ಲಕ್ಷಕ್ಕೆ 2 ಭಾಗಕ್ಕೆ ಮಿತಿಗೊಳಿಸಿವೆ. ಚೀಲ ಹೊರುವವರು ಮತ್ತು ಗಾರೆ ಕೆಲಸದವರು ಧೂಳು ತುಂಬಿದ ವಸ್ತ್ರದಿಂದ ಕತ್ತಿನ ಬೆವರು ಒರೆಸಿದಾಗಲೆಲ್ಲ ಕ್ಷಾರವನ್ನು ನೆನೆಸಿ, ಚರ್ಮದ ಮೇಲೆ ತಿಕ್ಕಿದಂತಾಗುತ್ತದೆ. ಧೂಳು ತಡೆಯುವ ವಸ್ತ್ರವೊಂದು, ಬೆವರು ಒರೆಸಲು ಚೀಲದಲ್ಲಿ ಮುಚ್ಚಿಟ್ಟ ವಸ್ತ್ರ ಇನ್ನೊಂದು ಎಂದು ಎರಡು ಇಟ್ಟುಕೊಳ್ಳುವುದು, ಧೂಳಿನ ಬಟ್ಟೆಯನ್ನು ಮನೆಯ ಬಟ್ಟೆಗಳೊಡನೆ ನೆನೆಸದೆ ಮೊದಲು ಹೊರಗೆ ಕೊಡವಿ, ಹೆಚ್ಚು ನೀರಿನಲ್ಲಿ ಬೇರೆಯಾಗಿ ಜಾಲಿಸುವುದು, ಮನೆಗೆ ಬಂದ ಮೇಲೆ ಮೈ ತೊಳೆದುಕೊಳ್ಳದೆ ಟವೆಲ್ ಮುಟ್ಟದಿರುವುದು ಇಂಥ ದುಡಿಮೆಗಾರರ ಚರ್ಮವನ್ನು ಕಾಪಾಡಬಲ್ಲ ಕ್ರಮಗಳು. ಕೆಲಸದ ಜಾಗದಲ್ಲಿ ತೊಳೆದುಕೊಳ್ಳಲು ಶುದ್ಧ ನೀರಿನ ನಲ್ಲಿಯೂ ವಸ್ತ್ರ ಒಣಹಾಕಲು ಧೂಳಿಲ್ಲದ ಮೂಲೆಯೂ ಇರಬೇಕಾದದ್ದು ಅವರ ಹಕ್ಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ, ಬಿಸಿಲನ್ನೂ ಒಣಗಾಳಿಯನ್ನೂ ನೆಚ್ಚಿ ಮೇಲೆ ಹೇಳಿದ ಲೆಕ್ಕ ತಲೆಕೆಳಗಾಗುತ್ತದೆ, ಹುಳಕಡ್ಡಿಯ ರೋಗಿಗಳು ಹೆಚ್ಚುವುದೂ ಈ ಕಾಲದಲ್ಲೇ. ಬಿಸಿಲಿಲ್ಲದಿದ್ದಾಗ ಒಣಗಿಸುವುದು ಗಾಳಿ. ಗೋಡೆಗೆ ಬಡಿದ ಮೊಳೆಗಿಂತ ಕಿಟಕಿಯ ಎದುರು ಕಟ್ಟಿದ ಹಗ್ಗ ಉತ್ತಮ, ಮಡಚಿ ಹಾಕಿದ್ದಕ್ಕಿಂತ ಪೂರ್ತಿ ಬಿಡಿಸಿ ಹಾಕಿದ್ದು ಎರಡು ಪಟ್ಟು ಮೇಲ್ಮೈಯನ್ನು ಗಾಳಿಗೆ ಒಡ್ಡುತ್ತದೆ. ಚಾವಣಿಯಿಂದ ಬೀಳುವ ಮಳೆನೀರು ಈ ಸೀಮೆಗೆ ವರ್ಷದಲ್ಲಿ ಸಿಗುವ ಅತ್ಯಂತ ಮೆದು ನೀರಾದ್ದರಿಂದ ಮೊದಲ ಮಳೆಯನ್ನು ಬಿಟ್ಟು ಆಮೇಲಿನದನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು, ಮುಚ್ಚಳ ಹಾಕಿಟ್ಟುಕೊಂಡರೆ, ಗಸಿ ತುಂಬಿದ ಹಳೆಯ ಟವೆಲುಗಳನ್ನು ಸೋಡಾ ಬೆರೆಸಿದ ಬಿಸಿನೀರಿನಲ್ಲಿ ನೆನೆಸಿ, ಈ ನೀರಿನಲ್ಲಿ ಎರಡು ಮೂರು ಸಲ ಜಾಲಿಸಿ ಮತ್ತೆ ಬಳಕೆಗೆ ತರಬಹುದು. ಮೂರು ನಾಲ್ಕು ಸಲ ಬಳಸಿದ ಮೇಲೆ ಒಗೆಯಬೇಕೆಂಬ ಸಾಮಾನ್ಯ ಸಲಹೆ ಪ್ರತಿ ಬಾರಿಯೂ ಪೂರ್ತಿ ಒಣಗಿದ ಟವೆಲಿಗೆ ಮಾತ್ರ ಅನ್ವಯಿಸುತ್ತದೆ. ಒಣಗದಿದ್ದರೆ ಮರುದಿನವೇ ಒಗೆಯಬೇಕು. ಮನೆಗಳಿಗಿಂತ ಹೆಚ್ಚಿನ ಗಮನ ಬೇಕಾದದ್ದು ತಾಲ್ಲೂಕು ಕೇಂದ್ರಗಳ ವಿದ್ಯಾರ್ಥಿನಿಲಯಗಳಿಗೆ. ಒಂದು ಕೋಣೆಯಲ್ಲಿ ಹಲವು ಮಕ್ಕಳು, ಮಂಚದ ಕಂಬಿಗಳ ಮೇಲೆ ಒಂದರ ಮೇಲೊಂದು ಒದ್ದೆ ಟವೆಲುಗಳು ಇರುವಲ್ಲಿ ಒಂದು ಮಗುವಿನ ಹುಳಕಡ್ಡಿ ತಿಂಗಳೊಳಗೆ ಕೋಣೆಯನ್ನೇ ಆವರಿಸಬಲ್ಲದು. ಅಲ್ಲಿ ಪ್ರತಿ ಮಗುವಿಗೆ ಹೆಸರು ಹೊಲಿದ ಎರಡು ತೆಳು ವಸ್ತ್ರಗಳನ್ನು ಕೊಟ್ಟು, ಮಾಳಿಗೆಯ ಮೇಲೆ ಒಂದು ವಸ್ತ್ರ ಇನ್ನೊಂದಕ್ಕೆ ತಾಗದಂತೆ ಒಂದು ಗೇಣು ಅಂತರ ಬಿಟ್ಟು ತಂತಿಗಳನ್ನು ಎಳೆಸಿ, ಮಳೆಗಾಲಕ್ಕೆ ಅದರ ಒಂದು ಭಾಗಕ್ಕೆ ತಗಡಿನ ಮಾಡು ಹಾಕಿಸಿದರೆ, ತುರಿಕೆ ಕಂಡ ಮಗುವನ್ನು ಅದೇ ವಾರ ತಾಲ್ಲೂಕು ಆಸ್ಪತ್ರೆಗೆ ತೋರಿಸುವ ವ್ಯವಸ್ಥೆಯೂ ಜೊತೆಗಿದ್ದರೆ, ಅಲ್ಲಿನ ಚರ್ಮರೋಗಗಳ ದೊಡ್ಡ ಪಾಲನ್ನು ತಡೆಯುವುದು ಕಷ್ಟವಾಗುವುದಿಲ್ಲ.